ಗೈರುಹಾಜರಿ ತೇರ್ಗಡೆಯಲ್ಲ
(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪರೀಕ್ಷೆಗೆ ಬಾರದ ಬಾಲಕನ ಹೆಸರಿನ ಮುಂದೆ ನಾವು 'ಗೈರುಹಾಜರಿ' ಎಂದು ಬರೆಯುತ್ತೇವೆಯೇ ಹೊರತು 'ತೇರ್ಗಡೆ' ಎಂದು ಬರೆಯುವುದಿಲ್ಲ. ಕಂಪ್ಯೂಟರಿನ ಲೋಕದಲ್ಲಿಯೂ ಈ ವಿವೇಕ ಅಗತ್ಯವೆಂಬುದನ್ನು ಇಂದು ನಾಲ್ಕು ಮಾತುಗಳಲ್ಲಿ ತಿಳಿಸಬಯಸುತ್ತೇವೆ.

ಕೇರಳದ ಶಾಲೆಗಳಲ್ಲಿ ನಮ್ಮ ಮಕ್ಕಳು ಲಿನಕ್ಸ್ ವ್ಯವಸ್ಥೆಯಲ್ಲಿ ಅಭ್ಯಾಸಮಾಡುವುದು ತಮಗೆಲ್ಲ ತಿಳಿದ ಸಂಗತಿ. ಅದರಲ್ಲಿ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಕಡತಕ್ಕೆ ಶೆಲ್ ಸ್ಕ್ರಿಪ್ಟ್ ಎಂದು ಹೆಸರು. ತಂತ್ರಾಂಶಗಳನ್ನು ತಾವಾಗಿಯೇ ಪರೀಕ್ಷಿಸುವ ಕಡತಗಳನ್ನೂ ಹೀಗೆ ಬರೆಯುವುದುಂಟು. ೨೦೦೫ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಗಿಟ್ ತಂತ್ರಾಂಶದ ಪರೀಕ್ಷೆಗಳು ಬಹುಪಾಲು ಈ ಬಗೆಯವು.

ಎಲ್ಲ ಪರೀಕ್ಷೆಗಳನ್ನೂ ಎಲ್ಲ ಯಂತ್ರಗಳಲ್ಲಿ ನಡೆಸಲಾಗದು. ಸಾಂಕೇತಿಕ ಕೊಂಡಿಯ ಅನುಕೂಲವಿಲ್ಲದ ವ್ಯವಸ್ಥೆಯಲ್ಲಿ ಆ ಕೊಂಡಿಯ ಪರೀಕ್ಷೆ ವ್ಯರ್ಥ. ಆಗ ಗಿಟ್ ಅದನ್ನು ಬಿಟ್ಟು, ಏನಿಲ್ಲದ್ದರಿಂದ ಬಿಟ್ಟಿತೆಂಬುದನ್ನೂ ವರದಿಯಲ್ಲಿ ಹೇಳುತ್ತದೆ. ಆಟೋಮೇಕ್ ಎಂಬ ಸಾಧನದಲ್ಲಿ ೦ ಎಂದರೆ ತೇರ್ಗಡೆ, ೭೭ ಎಂದರೆ ಬಿಟ್ಟುದು. ಇವೆರಡೂ ಬೆರೆಯಲಾಗದು.

ಆದರೆ ಷರತ್ತನ್ನೇ ತಪ್ಪಾಗಿ ಬರೆದರೆ? 'ಬಿಡು' ಎಂಬ ಸೂಚನೆಯಿದ್ದರೆ ಮಾತ್ರ ಬಿಡಬೇಕೆಂದು ಬರೆಯುವವನು, ಸೂಚನೆಯನ್ನಿಡುವ ಚರಕ್ಕೆ ಉದ್ಧರಣ ಚಿಹ್ನೆ ಹಾಕಲು ಮರೆತನೆನ್ನಿ. ಚರ ಬರಿದಾಗಿದ್ದರೆ ಅದು ಸಾಲಿನಿಂದಲೇ ಮಾಯವಾಗಿ, 'ಬರಿದಲ್ಲವೇ' ಎಂದು ಕೇಳುವ ಚಿಹ್ನೆಯೊಂದೇ ಉಳಿಯುತ್ತದೆ. ಶೆಲ್ ಆ ಚಿಹ್ನೆಯನ್ನೇ ಒಂದು ಪದವೆಂದೆಣಿಸಿ 'ಹೌದು' ಎನ್ನುತ್ತದೆ. ಪರೀಕ್ಷೆ ಎಂದೆಂದಿಗೂ ನಡೆಯದು. ಬಿಟ್ಟುದನ್ನು ೦ ಎಂದೇ ತಿಳಿಸಿದ್ದರಂತೂ ಎಲ್ಲವೂ ತೇರ್ಗಡೆಯಾದಂತೆಯೇ ಕಾಣುತ್ತದೆ!

ನಮ್ಮ ಕೊಠಡಿಯಲ್ಲಿಯೇ ಹೀಗಾಯಿತು. ಅಂಕಗಳನ್ನು ಕೂಡಿಸುವ ಸ್ಕ್ರಿಪ್ಟಿಗೆ ನಾವೇ ಬರೆದ ಪರೀಕ್ಷೆ ಒಂದು ಅವಧಿಯಿಡೀ ನಡೆದಿರಲಿಲ್ಲ. ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಸಾಲುಸಾಲಾಗಿ ಓದಿ, "ಸಾರ್, ಈ ಪರೀಕ್ಷೆ ನಡೆಯುವುದು ಯಾವಾಗ?" ಎಂದು ಕೇಳಿದಳು. ಷರತ್ತನ್ನು ತಿದ್ದಿ ನಡೆಸಿದಾಗ ಸ್ಕ್ರಿಪ್ಟ್ ಸೋತಿತು. ಮೂವರು ಮಕ್ಕಳ ಮೊತ್ತ ತಪ್ಪಿದ್ದುದು ತಿಳಿಯಿತು. ಅಂಕಪಟ್ಟಿಗಳನ್ನು ತಿದ್ದಿಕೊಟ್ಟೆವು, ಆ ಮೂವರ ಮನೆಯವರಲ್ಲಿ ಕ್ಷಮೆ ಕೇಳಿದೆವು.

ಆದುದರಿಂದ ವಿದ್ಯಾರ್ಥಿಗಳೆ, ಪರರ ಬರಹವನ್ನು ಪರಿಶೀಲಿಸುವಾಗ ಮೂರು ಪ್ರಶ್ನೆಗಳನ್ನು ಮರೆಯದಿರಿ: ಯಾವಾಗ ಬಿಡುತ್ತದೆ? ಕಾರಣವನ್ನು ಹೇಳುತ್ತದೆಯೇ? ಬಿಡುವುದನ್ನೂ ನಡೆಸುವುದನ್ನೂ ಒಮ್ಮೆಯಾದರೂ ಕಣ್ಣಾರೆ ಕಂಡಿರಾ? ಗುರುಗಳ ಬರಹವೆಂದು ಸಂಕೋಚಪಡಬೇಡಿ. ಕೇಳಿದ ಆ ಬಾಲಕಿಗೆ ನಾವು ಋಣಿಗಳು.