ಗೆಳೆಯರಿರುವ ಮೂರು ಪುಸ್ತಕಗಳು



ಶಾಲೆಯಲ್ಲಿ ಕಲಿತ ಪಾಠಗಳಲ್ಲಿ ಹಲವನ್ನು ನಾನು ಮರೆತಿದ್ದೇನೆ. ಆದರೆ ಏಳನೆಯ ತರಗತಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತಿರುತ್ತಿದ್ದ ಹುಡುಗನ ಮುಖವನ್ನು ಮರೆತಿಲ್ಲ. ನನ್ನ ಪೆನ್ನು ಕಾಣೆಯಾದಾಗ, ಅದನ್ನು ಕದ್ದವನು ಅವನೇ ಎಂದು ಎಲ್ಲರೆದುರಿಗೆ ಹೇಳಿಬಿಟ್ಟೆ. ಮೂರು ದಿನಗಳ ಮೇಲೆ ಪೆನ್ನು ನಮ್ಮ ಮನೆಯಲ್ಲಿಯೇ ಅಕ್ಕಿಯ ಡಬ್ಬದ ಹಿಂದೆ ಸಿಕ್ಕಿತು. ತಪ್ಪಾಯಿತೆಂದು ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ದಿನ ತಳ್ಳಿದೆ. ಅಷ್ಟರಲ್ಲಿ ಅವನ ತಂದೆಗೆ ವರ್ಗವಾಗಿ, ಅವರು ಊರನ್ನೇ ಬಿಟ್ಟು ಹೋದರು. ಹೇಳದೆ ಉಳಿದ ಆ ಮಾತು ಇಂದಿಗೂ ನನ್ನಲ್ಲಿಯೇ ಇದೆ.

ಇದನ್ನು ನೆನೆಯಲು ಕಾರಣವುಂಟು. ಇಂದು ನಾನು ನಿಮಗೆ ಹೇಳಬೇಕೆಂದಿರುವ ಮೂರು ಪುಸ್ತಕಗಳೂ ಶಾಲೆಯ ಗೆಳೆತನವನ್ನು ಕುರಿತವು.

ಮೊದಲನೆಯದು ಆರ್. ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್'. 1935ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಈ ಕಾದಂಬರಿ ಕನ್ನಡಕ್ಕೂ ಬಂದಿದೆ. 1986ರಲ್ಲಿ ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಈ ಸ್ವಾಮಿಯನ್ನು ನಿಮ್ಮ ತಂದೆತಾಯಿಯರು ಕಂಡಿರಬಹುದು. ಪೊಲೀಸ್ ಅಧಿಕಾರಿಯ ಮಗ ರಾಜಂ ಶಾಲೆಗೆ ಹೊಸಬನಾಗಿ ಬರುತ್ತಾನೆ. ಅವನನ್ನು ಹಣಿಯಬೇಕೆಂದು ಹೊರಟ ಮಣಿಯೂ, ಜೊತೆಗಿದ್ದ ಸ್ವಾಮಿಯೂ ಸರಯೂ ನದಿಯ ದಡದಲ್ಲಿ ಅವನ ಗೆಳೆಯರಾಗುತ್ತಾರೆ. ಹೊಸ ಗೆಳೆಯ ದೊರೆತೊಡನೆ ಹಳೆಯ ಗೆಳೆಯರು ಸ್ವಾಮಿಯನ್ನು ರಾಜಮನ ಬಾಲವೆಂದು ಹಂಗಿಸುತ್ತಾರೆ. ಮುಂದೆ ಕ್ರಿಕೆಟ್ ಪಂದ್ಯದ ದಿನ ಸ್ವಾಮಿ ಮೈದಾನಕ್ಕೆ ಬಾರದೆ ಹೋದಾಗ ರಾಜಂ ಮುನಿಯುತ್ತಾನೆ. ಕೊನೆಯಲ್ಲಿ ರಾಜಂ ಊರು ಬಿಡುವಾಗ, ಸ್ವಾಮಿ ಒಂದು ಕಥೆಪುಸ್ತಕವನ್ನು ಹಿಡಿದು ರೈಲು ನಿಲ್ದಾಣಕ್ಕೆ ಬರುತ್ತಾನೆ. ರಾಜಂ ಅವನನ್ನು ಕ್ಷಮಿಸಿದನೆ? ಲೇಖಕರು ಅದನ್ನು ಬಿಡಿಸಿ ಹೇಳುವುದಿಲ್ಲ. ಆ ಪುಟವನ್ನು ಓದುವಾಗಲೆಲ್ಲ ನನಗೆ ಆ ಪೆನ್ನು ನೆನಪಾಗುತ್ತದೆ.

ಎರಡನೆಯದು ಜರ್ಮನ್ ಲೇಖಕ ಎರಿಕ್ ಕೆಸ್ಟ್ನರ್ ಬರೆದ 'ಹಾರುವ ತರಗತಿ'. ಇಂಗ್ಲಿಷ್ ಅನುವಾದದಲ್ಲಿ ಓದಬಹುದು. ಇದು ಪ್ರಕಟವಾದದ್ದು 1933ರಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಬರ್ಲಿನ್ನಿನಲ್ಲಿ ನಾಜಿಗಳು ಪುಸ್ತಕಗಳನ್ನು ಸುಟ್ಟರು. ತನ್ನ ಕೃತಿಗಳೂ ಬೆಂಕಿಗೆ ಬೀಳುವುದನ್ನು ಕೆಸ್ಟ್ನರ್ ಗುಂಪಿನಲ್ಲಿ ನಿಂತು ಕಣ್ಣಾರೆ ಕಂಡ. ಅಂಥ ಕಾಲದಲ್ಲಿ ಬಂದ ಈ ಕಥೆಯಲ್ಲಿ, ವಸತಿ ಶಾಲೆಯೊಂದರ ಹುಡುಗರು ಕ್ರಿಸ್‌ಮಸ್ ರಜೆಯನ್ನು ಎದುರುನೋಡುತ್ತಿದ್ದಾರೆ. ಪುಟ್ಟ ಊಲಿ ಅಂಜುಬುರುಕನೆಂದು ಎಲ್ಲರ ನಗೆಗೆ ಗುರಿಯಾದವನು. ಮುಷ್ಟಿಕಾಳಗದಲ್ಲಿ ಗಟ್ಟಿಗನಾದ ಮಥಿಯಾಸ್ ಅವನ ಗೆಳೆಯ. ಆದರೆ ಗಟ್ಟಿ ಮುಷ್ಟಿ ಗೆಳೆಯನ ಒಳಗಿನ ನಾಚಿಕೆಯನ್ನು ಹೊಡೆದೋಡಿಸಬಲ್ಲುದೆ? ತನ್ನ ಧೈರ್ಯವನ್ನು ತೋರಿಸಲು ಊಲಿ ಕೊಡೆ ಹಿಡಿದು ಎತ್ತರದಿಂದ ಹಾರಿ ಕಾಲು ಮುರಿದುಕೊಳ್ಳುತ್ತಾನೆ. ಊರಿಗೆ ಹೋಗಲು ರೈಲಿನ ಹಣವಿಲ್ಲದ ಮಾರ್ಟಿನ್ ತನ್ನ ದುಃಖವನ್ನು ಯಾರಿಗೂ ಹೇಳಲಾರದೆ ಒಳಗೊಳಗೇ ಬೇಯುತ್ತಾನೆ. ಇನ್ನೊಂದು ಸೊಗಸೂ ಇಲ್ಲಿದೆ: ಅನೇಕ ವರ್ಷ ಅಗಲಿದ್ದ ತಮ್ಮ ಮೇಷ್ಟರನ್ನೂ ಅವರ ಬಾಲ್ಯಸ್ನೇಹಿತನನ್ನೂ ಈ ಹುಡುಗರೇ ಮತ್ತೆ ಕೂಡಿಸುತ್ತಾರೆ.

ಮೂರನೆಯದು ಕಾದಂಬರಿಯಲ್ಲ, ನಡೆದ ಸಂಗತಿ. ಆದರೂ ಕಾದಂಬರಿಯಂತೆಯೇ ಓದಿಸಿಕೊಳ್ಳುತ್ತದೆ. ಜಪಾನಿನ ತೆತ್ಸುಕೊ ಕುರೊಯಾನಾಗಿ 1981ರಲ್ಲಿ ಪ್ರಕಟಿಸಿದ 'ತೊತ್ತೊ ಚಾನ್' ಕನ್ನಡದಲ್ಲಿಯೂ ಇದೆ. ಹಳೆಯ ರೈಲು ಡಬ್ಬಿಗಳೇ ತರಗತಿಗಳಾಗಿದ್ದ ತೊಮೊಯೆ ಶಾಲೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಮರ ತಮ್ಮದು. ಪೋಲಿಯೊದಿಂದ ಕೈಕಾಲುಗಳ ಶಕ್ತಿ ಕುಂದಿದ್ದ ಯಾಸುವಾಕಿಗೆ ಮಾತ್ರ ಮರ ಹತ್ತುವುದು ಆಗದ ಮಾತು. ಪುಟ್ಟ ತೊತ್ತೊ ಅವನನ್ನು ತನ್ನ ಮರಕ್ಕೆ ಆಹ್ವಾನಿಸಿ, ಏಣಿ ತಂದು, ಬೆವರು ಸುರಿಸಿ, ಎಳೆದೂ ದೂಡಿಯೂ ಮೇಲಕ್ಕೆ ಹತ್ತಿಸುತ್ತಾಳೆ. ಅಲ್ಲಿ ಕನಿಕರವೆಂಬ ಮಾತೇ ಇಲ್ಲ. ಮರದ ಮೇಲೆ ಅವನು ಅವಳ ಅತಿಥಿ. ಅವನು ಮರವೇರಿದ್ದು ಅದೇ ಮೊದಲು, ಅದೇ ಕೊನೆ. ಎಳೆಯ ವಯಸ್ಸಿನಲ್ಲಿಯೇ ಅವನು ತೀರಿಕೊಂಡ. 1945ರ ಬಾಂಬು ದಾಳಿಯಲ್ಲಿ ಶಾಲೆಯೂ ಸುಟ್ಟುಹೋಯಿತು. ಮರದ ಮೇಲಿನ ಆ ಮಧ್ಯಾಹ್ನ ಮಾತ್ರ ಉಳಿಯಿತು.

ಈ ಪುಸ್ತಕಗಳು ನೀತಿಪಾಠಗಳಲ್ಲ. ಗೆಳೆಯರಲ್ಲಿ ಜಗಳವೇ ಬೇಡವೆಂದು ಇವು ಬೋಧಿಸುವುದಿಲ್ಲ. ಎದುರಿಗಿರುವವನ ಮನಸ್ಸಿನಲ್ಲಿ ಏನಿದೆಯೆಂದು ಒಂದು ಕ್ಷಣ ನಿಂತು ನೋಡುವ ಅಭ್ಯಾಸವನ್ನು ಮಾತ್ರ ಕಲಿಸುತ್ತವೆ. ಆ ಅಭ್ಯಾಸ ನನಗೆ ಅಂದು ಇದ್ದಿದ್ದರೆ, ಪೆನ್ನಿಗಾಗಿ ಗೆಳೆಯನನ್ನು ಕಳೆದುಕೊಳ್ಳುತ್ತಿರಲಿಲ್ಲ.

ನಿಮ್ಮ ಶಾಲೆಯ ಅಥವಾ ಊರಿನ ಗ್ರಂಥಾಲಯದಲ್ಲಿ ಇವುಗಳನ್ನು ಕೇಳಿರಿ. ಒಬ್ಬರು ಓದಿ ಮತ್ತೊಬ್ಬರಿಗೆ ಕೊಡಿರಿ. ನೀವು ಮಾತು ಬಿಟ್ಟಿರುವ ಗೆಳೆಯನೋ ಗೆಳತಿಯೋ ಇದ್ದರೆ, ಪುಸ್ತಕವನ್ನು ಮೊದಲು ಅವರಿಗೇ ಕೊಡಿರಿ. ರೈಲು ಹೊರಡುವ ತನಕ ಕಾಯಬೇಡಿರಿ.