ಹಿಡಿಗೆ ಸಿಗುವ ಕೊಬ್ಬು, ಸಿಗದ ಕೊಬ್ಬು

ದೀಪಾವಳಿಯ ಮುಂಚಿನ ದಿನಗಳು. ಅಕ್ಕಲಕೋಟೆ ಕಡೆಯ ಹಳ್ಳಿಯ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ನನ್ನ ದವಾಖಾನೆಗೆ ಬಂದರು. ತುಳಸಿ ಲಗ್ನ ಮುಗಿದು ಮೂರು ವಾರಕ್ಕೆ ಹುಡುಗಿಯ ಮದುವೆ. ತಾಯಿಯ ಕೈಯಲ್ಲಿ ಸೊಲ್ಲಾಪುರದಿಂದ ತಂದ ಬಣ್ಣದ ಕಾಗದ. ಕತ್ತರಿ ಬೇಡ, ಹೊಲಿಗೆ ಬೇಡ, ತಂಪು ಕೊಟ್ಟು ಚರಬಿ ಕರಗಿಸುತ್ತೇವೆ ಎಂದು ಮರಾಠಿಯಲ್ಲಿ ಅಚ್ಚಾಗಿತ್ತು. ಕೆಳಗೆ ಹೆಣ್ಣಿನ ಮೈಯ ಚಿತ್ರ. ಗದ್ದ, ರಟ್ಟೆ, ಬೆನ್ನು, ಹೊಟ್ಟೆ, ತೊಡೆ ಎಂದು ಅಲ್ಲಲ್ಲಿ ಗುರುತು. "ಡಾಕ್ಟ್ರ, ಇದರಾಗ ಯಾವ ಯಾವ ಜಾಗಾ ಮಾಡಸೋಣ್ರಿ?" ಎಂದು ತಾಯಿ ಕೇಳಿದರು. ಅಂಗಡಿಯಲ್ಲಿ ಸೀರೆ ತೆಗೆಸಿ ನೋಡುವ ಧಾಟಿ ಅದು. ಹುಡುಗಿ ಮಾತ್ರ ನೆಲ ನೋಡುತ್ತಾ ಕೂತಿದ್ದಳು.

ಆ ಪ್ರಶ್ನೆಗೆ ಅಂದು ಕೊಟ್ಟ ಉತ್ತರವನ್ನು ನಿಮಗೂ ಹೇಳೋಣವೆಂದು ಇವತ್ತು ಬಂದಿದ್ದೇನೆ. ಇಂಥ ಕಾಗದಗಳು ಈಗ ನಿಮ್ಮ ಊರಿಗೂ ಬರುತ್ತವೆ, ಫೋನಿನಲ್ಲಂತೂ ದಿನಾ ಬರುತ್ತವೆ.

ಮೊದಲು ಇದರ ಹಿಂದಿನ ಸಂಗತಿ. ಚಳಿಗಾಲದಲ್ಲಿ ಬೆಳಗ್ಗೆ ಎದ್ದು ನೋಡಿ, ಬಾಟಲಿಯ ಕೊಬ್ಬರಿ ಎಣ್ಣೆ ಗಟ್ಟಿಯಾಗಿರುತ್ತದೆ. ಪಕ್ಕದ ಕೊಡದ ನೀರು ನೀರಾಗಿಯೇ ಇರುತ್ತದೆ. ಮೈಯೊಳಗೂ ಹಾಗೆಯೇ. ಚರ್ಮಕ್ಕೆ, ಸ್ನಾಯುವಿಗೆ ಪೆಟ್ಟಾಗುವ ಮುಂಚೆಯೇ ಕೊಬ್ಬಿನ ಕಣ ತಂಪಿಗೆ ಸೋಲುತ್ತದೆ. ಐಸ್ ಕಡ್ಡಿ ಚೀಪಿದ ಒಂದು ಕೂಸಿನ ಕೆನ್ನೆಯ ಕೊಬ್ಬಿಗೆ ಹೀಗೆ ಉರಿಯೂತವಾದದ್ದನ್ನು ಅಮೆರಿಕದ ವೈದ್ಯರು 1970ರಲ್ಲಿಯೇ ಬರೆದಿಟ್ಟಿದ್ದರು. ಆಮೇಲೆ ಹಾರ್ವರ್ಡಿನ ಡೀಟರ್ ಮಾನ್‌ಸ್ಟೈನ್ ಮತ್ತು ರಾಕ್ಸ್ ಆಂಡರ್‌ಸನ್ ಎಂಬ ವೈದ್ಯರು ಹಂದಿಗಳ ಮೇಲೆ ಪ್ರಯೋಗ ಮಾಡಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರಿಂದ ಯಂತ್ರ ಹುಟ್ಟಿತು. ಬಟ್ಟಲಿನಂಥ ಒಂದು ಸಾಧನ ಚರ್ಮದ ಮಡಿಕೆಯನ್ನು ಒಳಗೆಳೆದುಕೊಂಡು, ಸೊನ್ನೆಗಿಂತ ಹತ್ತು ಹನ್ನೊಂದು ಡಿಗ್ರಿ ಕೆಳಗಿನ ತಂಪಿನಲ್ಲಿ 35 ನಿಮಿಷದಿಂದ ಒಂದು ತಾಸಿನವರೆಗೆ ಹಿಡಿದಿಡುತ್ತದೆ. ನಡುವೆ ಚರ್ಮ ಕಾಯಲಿಕ್ಕೆ ಒದ್ದೆಯಾದ ಜೆಲ್ ಹಾಳೆ ಇರುತ್ತದೆ. ಸತ್ತ ಕೊಬ್ಬಿನ ಕಣಗಳನ್ನು ದೇಹ ಎರಡು ಮೂರು ತಿಂಗಳಲ್ಲಿ ಮೆಲ್ಲಗೆ ಸಾಗಿಸುತ್ತದೆ. ಎಲ್ಲಾ ಸರಿಹೋದರೆ ಆ ಜಾಗದ ಕೊಬ್ಬಿನ ಪದರು ಸುಮಾರು ಐದರಲ್ಲಿ ಒಂದು ಪಾಲು, ಹೆಚ್ಚೆಂದರೆ ನಾಲ್ಕರಲ್ಲಿ ಒಂದು ಪಾಲು ತೆಳುವಾಗುತ್ತದೆ. ಅಷ್ಟೇ. ತಕ್ಕಡಿಯ ಮುಳ್ಳು ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ.

ಹಾಗಾದರೆ ಯಾವ ಜಾಗ? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಂದೇ ಸಲಕ್ಕೆ ಇಡೀ ಮೈಗೆ ಒಪ್ಪಿಗೆ ಕೊಡಲಿಲ್ಲ ಎಂಬುದನ್ನು ಗಮನಿಸಿ. 2010ರಲ್ಲಿ ಟೊಂಕದ ಎರಡು ಪಕ್ಕೆ, 2012ರಲ್ಲಿ ಹೊಟ್ಟೆ, 2014ರಲ್ಲಿ ತೊಡೆ, 2015ರಲ್ಲಿ ಗದ್ದದ ಕೆಳಗೆ, ಆಮೇಲೆ ರಟ್ಟೆ, ಬೆನ್ನು. ಒಂದೊಂದು ಜಾಗದ ಕೊಬ್ಬು ಒಂದೊಂದು ತರಹ ಇರುವುದರಿಂದ ಬಟ್ಟಲಿನ ಆಕಾರವೂ ಬೇರೆ ಬೇರೆ. ಎಲ್ಲಾ ಜಾಗಕ್ಕೂ ಒಂದೇ ಬಟ್ಟಲು ಹಚ್ಚುತ್ತೇವೆ ಎನ್ನುವವರ ಬಳಿಯಿಂದ ಎದ್ದು ಬನ್ನಿ.

ನನ್ನ ಲೆಕ್ಕ ಸುಲಭದ್ದು. ನಿಂತುಕೊಂಡು ಆ ಜಾಗವನ್ನು ಹೆಬ್ಬೆರಳು, ತೋರುಬೆರಳಿನಿಂದ ಹಿಡಿಯಿರಿ. ಮೆತ್ತಗೆ, ಒಂದು ಇಂಚಿನಷ್ಟಾದರೂ ದಪ್ಪದ ಮಡಿಕೆ ಕೈಗೆ ಬಂದರೆ ಅದು ಚರ್ಮದ ಕೆಳಗಿನ ಕೊಬ್ಬು. ತಂಪು ಅದನ್ನು ಮುಟ್ಟಬಲ್ಲದು. ಕೈಗೆ ಬರದಿದ್ದರೆ ಯಂತ್ರಕ್ಕೂ ಬರುವುದಿಲ್ಲ.

ಇಲ್ಲಿ ನಮ್ಮ ಗಂಡಸರ ಹೊಟ್ಟೆಯ ವಿಷಯ ಬರುತ್ತದೆ. ನನ್ನ ಬಳಿ ಒಬ್ಬ ಅಡತ ವ್ಯಾಪಾರಿ ಬಂದಿದ್ದರು, ಐವತ್ತರ ಆಸುಪಾಸು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಬೋರಲು ಹಾಕಿದ ಗಡಿಗೆ. ಹೊಟ್ಟೆಗೇ ತಂಪು ಹಿಡಿಸಬೇಕು, ರೊಕ್ಕದ ಚಿಂತೆಯಿಲ್ಲ ಎಂದರು. ಹಿಡಿದು ನೋಡಿದೆ, ಮಡಿಕೆಯೇ ಬರಲಿಲ್ಲ. ತಬಲಾದ ಹಾಗೆ ಬಿಗಿ. ಅಂಥ ಹೊಟ್ಟೆಯ ಕೊಬ್ಬು ಚರ್ಮದ ಕೆಳಗಲ್ಲ, ಸ್ನಾಯುವಿನ ಗೋಡೆ ದಾಟಿ ಒಳಗೆ, ಕರುಳು ಯಕೃತ್ತುಗಳ ಸುತ್ತ ಇರುತ್ತದೆ. ಯಾವ ಬಟ್ಟಲೂ ಅಲ್ಲಿಗೆ ಹೋಗುವುದಿಲ್ಲ. ಸಕ್ಕರೆ ಬೇನೆಗೆ, ಹೃದಯದ ಬೇನೆಗೆ ದಾರಿ ಮಾಡುವುದೂ ಅದೇ. ಅದು ಕರಗುವುದು ನಡಿಗೆಯಿಂದ, ಊಟದ ಹತೋಟಿಯಿಂದ, ಬೇಕಾದಲ್ಲಿ ಔಷಧದಿಂದ. ಅವರನ್ನು ಕೆಮ್ಮಿಸಿ ನೋಡಿದಾಗ ಹೊಕ್ಕುಳ ಹತ್ತಿರ ನಿಂಬೆಹಣ್ಣಿನಷ್ಟು ಉಬ್ಬು ಮೇಲೆದ್ದಿತು. ಹರ್ನಿಯಾ! ಅದರ ಮೇಲೆ ಬಟ್ಟಲು ಹಚ್ಚಿ ಎಳೆದಿದ್ದರೆ ಏನಾಗುತ್ತಿತ್ತು? ರಕ್ತ ಪರೀಕ್ಷೆಯಲ್ಲಿ ಸಕ್ಕರೆಯೂ ಏರಿತ್ತು, ಅದು ಅವರಿಗೆ ಗೊತ್ತೇ ಇರಲಿಲ್ಲ. ಚಂದ ಕಾಣಲಿಕ್ಕೆ ಬಂದವರು ಹರ್ನಿಯಾದ ಶಸ್ತ್ರಕ್ರಿಯೆಗೆ, ಸಕ್ಕರೆಯ ಗುಳಿಗೆಗೆ ಚೀಟಿ ಬರೆಸಿಕೊಂಡು ಹೋದರು.

ನಮ್ಮ ಮೈಯ ಈ ಗುಣದ ಬಗ್ಗೆ ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಅವರು ಮಾಡಿದ ಕೆಲಸವನ್ನು ನೆನೆಯಬೇಕು. 2004ರಲ್ಲಿ ಅವರೂ ಇಂಗ್ಲೆಂಡಿನ ಜಾನ್ ಯುಡ್ಕಿನ್ ಅವರೂ ಜೊತೆಯಾಗಿ ನಿಂತ ಒಂದು ಫೋಟೋ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಎತ್ತರಕ್ಕೆ ತಕ್ಕ ತೂಕದ ಸೂಚಿ ಇಬ್ಬರದೂ ಒಂದೇ, 22.3. ಆದರೆ ಮೈಯ ಕೊಬ್ಬು ಅಳೆದಾಗ ಯುಡ್ಕಿನ್ನರಲ್ಲಿ ನೂರಕ್ಕೆ 9.1, ಯಾಜ್ಞಿಕರಲ್ಲಿ 21.2! ನೋಡಲಿಕ್ಕೆ ಸಪೂರ, ಒಳಗೆ ಕೊಬ್ಬು. ಅದಕ್ಕೇ ದಕ್ಷಿಣ ಏಷ್ಯದವರಿಗೆ ಟೊಂಕದ ಸುತ್ತಳತೆಯ ಗಡಿ ಬೇರೆ: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಪ್ಯಾಂಟಿನ ಅಳತೆ ನಂಬಬೇಡಿ. ನಾವು ಪ್ಯಾಂಟು ಕಟ್ಟುವುದು ಹೊಟ್ಟೆಯ ಕೆಳಗೆ. ದರ್ಜಿಯ ಟೇಪು ತಂದು, ಕಡೆಯ ಪಕ್ಕೆಲುಬಿಗೂ ಟೊಂಕದ ಎಲುಬಿಗೂ ನಡುವೆ ಅಳೆಯಿರಿ. ಗಡಿ ದಾಟಿದ್ದರೆ ಮೊದಲು ರಕ್ತ ಪರೀಕ್ಷೆ, ತಂಪಿನ ಮಾತು ಆಮೇಲೆ.

ಹೆಂಗಸರಲ್ಲಿ ಇನ್ನೊಂದು ಸಂಗತಿ. ಎರಡು ಮೂರು ಹೆರಿಗೆಯಾದ ಮೇಲೆ ಹೊಟ್ಟೆ ಮುಂದೆ ಬಂತು ಎನ್ನುತ್ತಾರೆ. ಎಲ್ಲವೂ ಕೊಬ್ಬಲ್ಲ. ಕೆಲವರಲ್ಲಿ ಹೊಟ್ಟೆಯ ನಡುವಿನ ಸ್ನಾಯುಗಳು ಎರಡು ಕಡೆ ಸರಿದಿರುತ್ತವೆ. ಅದಕ್ಕೆ ವ್ಯಾಯಾಮ ಬೇಕು. ಕೆಲವರದು ಬರೀ ಜೋಲು ಚರ್ಮ. ತಂಪು ಜೋಲನ್ನು ಬಿಗಿ ಮಾಡುವುದಿಲ್ಲ, ಒಳಗಿನ ಕೊಬ್ಬು ಇಳಿದರೆ ಜೋಲು ಇನ್ನಷ್ಟು ಕಾಣಬಹುದು. ಹೊಕ್ಕುಳ ಕೆಳಗೆ ಮೆತ್ತಗಿನ ಮಡಿಕೆ, ಮೇಲೆ ಚರ್ಮ ಬಿಗಿ, ವರ್ಷದಿಂದ ತೂಕ ನಿಂತಲ್ಲೇ ನಿಂತಿದೆ; ಇಂಥವರಿಗೆ ಈ ಚಿಕಿತ್ಸೆ ಒಪ್ಪುತ್ತದೆ. ಟೊಂಕದ ಪಕ್ಕೆಯೂ ಹಾಗೆಯೇ, ಮಡಿಕೆ ಸಲೀಸಾಗಿ ಬಟ್ಟಲಿಗೆ ಬರುತ್ತದೆ. ಒಂದೇ ಜಾಗಕ್ಕೆ ಮನಸ್ಸು ಮಾಡಿದವರಿಗೆ ನಾನು ಪಕ್ಕೆಯನ್ನೋ ಕೆಳಹೊಟ್ಟೆಯನ್ನೋ ಹೇಳುತ್ತೇನೆ. ತೊಡೆಯ ಒಳಮೈ ಆಮೇಲಿನದು. ಗದ್ದದ ಕೆಳಗೆ ಮಾತ್ರ ಎರಡು ಸಲ ಯೋಚಿಸಿ: ಅಲ್ಲಿ ಕಾಣುವುದು ಕೊಬ್ಬೋ, ಗಂಟೋ, ಥೈರಾಯ್ಡೋ, ಇಲ್ಲಾ ದವಡೆ ತುಸು ಹಿಂದಿರುವುದೋ ಎಂದು ವೈದ್ಯರು ಮುಟ್ಟಿ ನೋಡಬೇಕು. ಎಲ್ಲೇ ಆಗಲಿ, ಗಟ್ಟಿ ಗಂಟು ಕೈಗೆ ತಾಗಿದರೆ ತಂಪು ಬೇಡ, ಪರೀಕ್ಷೆ ಬೇಕು.

ಇನ್ನು ರೊಕ್ಕ. ದರ ಹೇಳುವುದು ಸಾಮಾನ್ಯವಾಗಿ ಒಂದು ಬಟ್ಟಲಿನ ಒಂದು ಸರದಿಗೆ. ಎರಡು ಪಕ್ಕೆ ಎಂದರೆ ಎರಡು ಸರದಿ, ಹೊಟ್ಟೆ ಅಗಲವಿದ್ದರೆ ಇನ್ನೂ ಹೆಚ್ಚು. ಕಾಗದದ ಮೇಲೆ ಸೋವಿ ಕಂಡದ್ದು ಮೈಯ ಮೇಲೆ ತುಟ್ಟಿಯಾಗುವುದು ಹೀಗೆ.

ಅಪಾಯವನ್ನು ಮುಚ್ಚಿಡಬಾರದು. ಕೆಂಪಾಗುವುದು, ಬಾವು, ಕೆಲವು ವಾರ ಜೋಮು, ಇವು ಸಾಮಾನ್ಯ, ಇಳಿಯುತ್ತವೆ. ವಿರಳವಾದ ಇನ್ನೊಂದಿದೆ: ಕರಗಬೇಕಾದ ಕೊಬ್ಬು ತಿಂಗಳುಗಳ ಮೇಲೆ ತಿರುಗಿ ಬೆಳೆದು, ಬಟ್ಟಲಿನ ಆಕಾರದಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಇದನ್ನು ಮೊದಲು ವರದಿ ಮಾಡಿದ್ದು 2014ರಲ್ಲಿ. ಮೊದಲು ಎಣಿಸಿದ್ದಕ್ಕಿಂತ ಇದು ಹೆಚ್ಚು ಜನರಿಗೆ ಆಗುತ್ತದೆ, ಹೆಂಗಸರಿಗಿಂತ ಗಂಡಸರಲ್ಲಿ ಜಾಸ್ತಿ ಎಂದು ಈಗ ತಿಳಿದಿದೆ. ಅದು ತಾನಾಗಿ ಇಳಿಯುವುದಿಲ್ಲ, ಶಸ್ತ್ರಕ್ರಿಯೆಯೇ ಬೇಕಾಗುತ್ತದೆ. ಕೆನಡಾದ ಹೆಸರಾಂತ ರೂಪದರ್ಶಿ ಲಿಂಡಾ ಇವ್ಯಾಂಜೆಲಿಸ್ಟಾ ತಮಗೆ ಹೀಗಾಗಿದೆ ಎಂದು 2021ರಲ್ಲಿ ಜಗತ್ತಿಗೇ ಹೇಳಿದರು. ಆದ್ದರಿಂದ ಎದ್ದು ಕಾಣುವ ಜಾಗ ಆರಿಸುವಾಗ, ಇಲ್ಲಿ ಎಡವಟ್ಟಾದರೆ ನಾನು ತಾಳಬಲ್ಲೆನೇ ಎಂದೂ ಕೇಳಿಕೊಳ್ಳಿ. ತಂಪು ತಾಗಿದರೆ ಮೈ ದದ್ದು ಏಳುವವರು, ತಂಪಿಗೆ ರಕ್ತ ಕೆಡುವ ಬೇನೆಗಳಿರುವವರು, ಬಸುರಿಯರು ಇದರ ಹತ್ತಿರ ಹೋಗಬಾರದು. ಮನೆಯಲ್ಲಿ ಐಸು ಕಟ್ಟಿಕೊಂಡು ಕೂಡುವುದಂತೂ ಬೇಡವೇ ಬೇಡ. ಕೊಬ್ಬು ಕರಗುವುದಿಲ್ಲ, ಚರ್ಮ ಸುಡುತ್ತದೆ.

ಗಡಿಯವರಾದ ನಮಗೆ ಇನ್ನೊಂದು ಮಾತು. ಸಹಿ ಮಾಡಿಸುವ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರುತ್ತದೆ. ಚರಬಿ ಚಢಲಿ ಎಂದು ಮರಾಠಿಯಲ್ಲಿ ಬೈಯುವುದೂ, ಕೊಬ್ಬು ಏರಿದೆ ಎಂದು ಕನ್ನಡದಲ್ಲಿ ಬೈಯುವುದೂ ಒಂದೇ ಎಂದು ನಮಗೆಲ್ಲಾ ಗೊತ್ತು. ಆದರೆ ಸಂತೆಯ ಮರಾಠಿ ಬೇರೆ, ಸಣ್ಣ ಅಕ್ಷರದ ದವಾಖಾನೆಯ ಮರಾಠಿ ಬೇರೆ. ಚಿಕಿತ್ಸೆ ಏನು, ಲಾಭವೇನು, ಅಪಾಯವೇನು, ಬೇರೆ ದಾರಿ ಯಾವುದು ಎಂದು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಹೇಳಿದೆ. ತಿಳಿಯುವ ಭಾಷೆಯಲ್ಲಿ ಓದಿ ಹೇಳಿರಿ ಎಂದು ಕೇಳಲು ನಾಚಬೇಡಿ. ಬಟ್ಟಲು ಹಚ್ಚುವವರು ಯಾರು, ಡಾಕ್ಟರರು ಅಲ್ಲಿರುತ್ತಾರೆಯೇ, ಕೊಬ್ಬು ತಿರುಗಿ ಬೆಳೆದರೆ ಖರ್ಚು ಯಾರದು, ಇದನ್ನೂ ಕೇಳಿ.

ಆ ಹುಡುಗಿಯ ಮಾತಿಗೆ ಬರುತ್ತೇನೆ. ತಾಯಿಯನ್ನು ಹೊರಗೆ ಕೂಡಿಸಿ ಕೇಳಿದಾಗ ಅವಳು ಬಾಯಿ ಬಿಟ್ಟಳು. ನೋಡಲು ಬಂದ ಗಂಡಿನ ಕಡೆಯ ಹೆಣ್ಣುಮಗಳೊಬ್ಬಳು, "ಹುಡುಗಿ ಚೊಲೋ ಅದಾಳ, ರಟ್ಟಿ ಅಷ್ಟ ದಪ್ಪ" ಅಂದಿದ್ದಳಂತೆ. ಅಂದಿನಿಂದ ರೊಟ್ಟಿ ಬಿಟ್ಟು ಚಹಾ ಕುಡಿದುಕೊಂಡೇ ಇದ್ದಳು. ಅವಳ ರಟ್ಟೆ ಹಿಡಿದು ನೋಡಿದೆ, ಮಡಿಕೆ ಅರ್ಧ ಇಂಚೂ ಇರಲಿಲ್ಲ. ಬಾವಿಯ ನೀರು ಸೇದಿ ಗಟ್ಟಿಯಾದ ರಟ್ಟೆ ಅದು. ಮೇಲಾಗಿ ಮದುವೆಗೆ ಉಳಿದದ್ದು ಐದು ವಾರ, ತಂಪಿನ ಫಲ ಕಾಣಲು ಬೇಕಾದದ್ದು ಎರಡು ಮೂರು ತಿಂಗಳು. ನಿನಗೆ ಯಾವ ಜಾಗವೂ ಬೇಡ ಎಂದೆ. ರಕ್ತ ತೆಗೆದು ನೋಡಿದರೆ ಹಿಮೋಗ್ಲೋಬಿನ್ ಒಂಬತ್ತರ ಕೆಳಗಿತ್ತು. ಕಬ್ಬಿಣದ ಗುಳಿಗೆ ಬರೆದುಕೊಟ್ಟೆ. ರೊಟ್ಟಿ, ಕಾಳುಪಲ್ಲೆ, ಶೇಂಗಾ ಚಟ್ನಿ ಬಿಡಬೇಡ ಎಂದೆ. ತಾಯಿಗೆ ಎಲ್ಲವನ್ನೂ ತಿಳಿಸಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಂಗಾದ್ರ ಕುಬಸದ ತೋಳು ಅರ್ಧ ಇಂಚು ಸಡಿಲು ಬಿಡಸ್ತೀನಿ ಬಿಡ್ರಿ ಎಂದು ಮಗಳನ್ನು ಕರೆದುಕೊಂಡು ದರ್ಜಿಯ ಅಂಗಡಿಯ ಕಡೆ ನಡೆದರು.