ಹೋಮ್ ಥಿಯೇಟರ್‌ಗೆ ಗಿಟಾರ್ ಚುಚ್ಚೋ ಮುಂಚೆ

ಇವತ್ತು ಒಂದೇ ಪ್ರಶ್ನೆ: ಎಲೆಕ್ಟ್ರಿಕ್ ಗಿಟಾರನ್ನ ಮನೆಯ ಸ್ಟೀರಿಯೋಗೆ ಹಾಕಿ ನುಡಿಸಬಹುದಾ? ನುಡಿಸಬಹುದು. ಆದ್ರೆ ನೇರವಾಗಿ ಅಲ್ಲ, ಮಧ್ಯೆ ಒಂದು ಪುಟ್ಟ ಪೆಟ್ಟಿಗೆ ಬೇಕು. ಅದು ಯಾಕೆ ಬೇಕು, ಅದಿಲ್ಲದಿದ್ರೆ ಏನು ಹಾಳಾಗುತ್ತೆ ಅಂತ ನೋಡೋಣ.

ಶಿಕಾರಿಪುರದಲ್ಲೋ ಸೊರಬದಲ್ಲೋ ಗಿಟಾರ್ ಕಲಿಯೋರಿಗೆ ಇದು ಬರೀ ಕುತೂಹಲದ ಪ್ರಶ್ನೆ ಅಲ್ಲ. ಗಿಟಾರ್ ಕೊರಿಯರ್‌ನಲ್ಲಿ ಬಾಗಿಲಿಗೇ ಬರುತ್ತೆ. ಆಂಪ್‌ಗೆ ಮತ್ತೆ ಬೇರೆ ದುಡ್ಡು. ಶಿವಮೊಗ್ಗಕ್ಕೆ ಹೋಗಿ ನೋಡಿ ತರೋಣ ಅಂದ್ರೆ ಶಿಕಾರಿಪುರದಿಂದ ಸುಮಾರು 50 ಕಿಲೋಮೀಟರ್, ಸೊರಬದಿಂದ ಇನ್ನೂ ದೂರ. ನಮ್ಮ ಕಡೆಯ ಡೊಳ್ಳಿಗೆ ಕರೆಂಟು ಬೇಡ, ಒಂದು ಪೆಟ್ಟು ಬಿದ್ರೆ ಬೀದಿಗೆಲ್ಲ ಕೇಳುತ್ತೆ. ಎಲೆಕ್ಟ್ರಿಕ್ ಗಿಟಾರ್ ಆಂಪ್ ಇಲ್ಲದೆ ಪಕ್ಕದ ರೂಮಿಗೂ ಸರಿಯಾಗಿ ಕೇಳಲ್ಲ. ಆಗ ಕಣ್ಣು ಹೋಗೋದು ಟಿವಿ ಪಕ್ಕದ ಹೋಮ್ ಥಿಯೇಟರ್ ಮೇಲೆ. ಅದು ನಿಮ್ಮೊಬ್ಬರದಲ್ಲ, ಇಡೀ ಮನೆಯದು. ಅದು ಸುಟ್ಟರೆ ಗಿಟಾರ್ ನುಡಿಸೋಕೆ ಸಿಕ್ಕಿದ್ದ ಒಪ್ಪಿಗೆಯೂ ಅದರ ಜೊತೆಗೇ ಹೋಗುತ್ತೆ.

ಮೊದಲು ಸಿಗ್ನಲ್ ವಿಷಯ. ಗಿಟಾರಿನ ಪಿಕಪ್ ಅಂದ್ರೆ ಅಯಸ್ಕಾಂತದ ಸುತ್ತ ಸುತ್ತಿದ ತೆಳು ತಾಮ್ರದ ತಂತಿ. ಅದರಿಂದ ಬರೋ ಸಿಗ್ನಲ್ ಸಣ್ಣದು, ಸೂಕ್ಷ್ಮವಾದದ್ದು. ಗಿಟಾರ್ ಆಂಪಿನ ಇನ್‌ಪುಟ್ ಇಂಪೀಡೆನ್ಸ್ ಸಾಮಾನ್ಯವಾಗಿ 10 ಲಕ್ಷ ಓಮ್. ಸ್ಟೀರಿಯೋದ ಆಕ್ಸ್ ಇನ್‌ಪುಟ್‌ದು 10 ಸಾವಿರದಿಂದ 50 ಸಾವಿರ ಓಮ್ ಅಷ್ಟೇ. ತೋಟಕ್ಕೆ ಸಣ್ಣ ಪೈಪಲ್ಲಿ ನೀರು ಬಿಟ್ಟಿದೀವಿ ಅಂದ್ಕೊಳ್ಳಿ. ಆ ತುದಿಯಲ್ಲಿ ಬಾಯಿ ಪೂರ್ತಿ ತೆಗೆದ್ರೆ ಒತ್ತಡ ಬಿದ್ದುಹೋಗುತ್ತೆ. ಇಲ್ಲೂ ಹಾಗೇ. ವಾಲ್ಯೂಮ್ ಕುಗ್ಗುತ್ತೆ, ಅದಕ್ಕಿಂತ ಹೆಚ್ಚಾಗಿ ನಾದದ ಹೊಳಪು ಹೋಗುತ್ತೆ. ಕಂಬಳಿ ಹೊದಿಸಿ ನುಡಿಸಿದ ಹಾಗೆ ಕೇಳುತ್ತೆ.

ಹಳೇ ಸ್ಟೀರಿಯೋದಲ್ಲಿ ಫೋನೋ ಅಂತ ಬರೆದಿರೋ ಇನ್‌ಪುಟ್ ಇದ್ರೆ ಅದಕ್ಕೆ ಹಾಕಬೇಡಿ. ಅಲ್ಲಿ ಜೋರಾಗಿ ಕೇಳಬಹುದು, ಆದ್ರೆ ಅದು ಗ್ರಾಮಫೋನ್ ತಟ್ಟೆಗೆ ಅಂತ ಮಾಡಿದ್ದು. ಬೇಕಂತಲೇ ಬೇಸ್ ಹೆಚ್ಚಿಸಿ ಟ್ರೆಬಲ್ ಕಡಿಮೆ ಮಾಡುತ್ತೆ.

ಹಾಗಾದ್ರೆ ಮಧ್ಯದ ಪೆಟ್ಟಿಗೆ ಯಾವುದು? ಸ್ಪೀಕರ್ ಸಿಮ್ಯುಲೇಶನ್ ಇರೋ ಒಂದು ಸಣ್ಣ ಮಲ್ಟಿ ಎಫೆಕ್ಟ್ಸ್ ಪೆಡಲ್ ಸಾಕು. ಅಥವಾ ಫೋನಿಗೆ ಒಂದು ಆಡಿಯೋ ಇಂಟರ್‌ಫೇಸ್ ಹಾಕಿ, ಆಂಪ್ ಆ್ಯಪ್ ತೆರೆದು, ಇಂಟರ್‌ಫೇಸಿನ ಔಟ್‌ಪುಟ್ಟನ್ನ ಕೇಬಲ್‌ನಲ್ಲಿ ಆಕ್ಸ್‌ಗೆ ಕೊಡಿ. ಬ್ಲೂಟೂತ್ ಮಾತ್ರ ಬೇಡ. ಅದರಲ್ಲಿ ಶಬ್ದ 150, 200 ಮಿಲಿಸೆಕೆಂಡ್ ತಡ ಆಗೋದು ಸಾಮಾನ್ಯ. ನಿಮಿಷಕ್ಕೆ 120 ಬಡಿತದ ಹಾಡಲ್ಲಿ ಎರಡು ಬಡಿತದ ನಡುವೆ ಇರೋದೇ 500 ಮಿಲಿಸೆಕೆಂಡ್. ನೀವು ಸರಿಯಾಗಿ ನುಡಿಸಿದ್ರೂ ತಾಳ ತಪ್ಪಿದ ಹಾಗೇ ಕೇಳುತ್ತೆ.

ಸ್ಪೀಕರ್ ಸಿಮ್ಯುಲೇಶನ್ ಯಾಕೆ? ಗಿಟಾರ್ ಆಂಪಿನ 10, 12 ಇಂಚಿನ ಸ್ಪೀಕರ್ ಸುಮಾರು 5 ಸಾವಿರ ಹರ್ಟ್ಸ್ ಮೇಲಿನ ಶಬ್ದವನ್ನ ಹೆಚ್ಚುಕಮ್ಮಿ ತಡೆದುಬಿಡುತ್ತೆ. ಡಿಸ್ಟಾರ್ಷನ್ ಕಿವಿಗೆ ಹಿತವಾಗಿರೋದು ಅದರಿಂದಲೇ. ಮನೆ ಸ್ಪೀಕರಿನ ಟ್ವೀಟರ್ ಎಲ್ಲವನ್ನೂ ಕೇಳಿಸುತ್ತೆ. ಅದೇ ಡಿಸ್ಟಾರ್ಷನ್ ಅಲ್ಲಿ ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ಚುರುಗುಟ್ಟುತ್ತೆ. ಜಾಸ್ತಿ ವಾಲ್ಯೂಮಲ್ಲಿ ಮೊದಲು ಸುಡೋದೂ ಆ ಟ್ವೀಟರೇ. ಡಬ್ಬದ ಮೇಲೆ ಸಾವಿರಾರು ವ್ಯಾಟ್ ಪಿಎಂಪಿಓ ಅಂತ ಬರೆದಿದ್ರೆ ನಂಬಬೇಡಿ, ಆರ್‌ಎಂಎಸ್ ಎಷ್ಟು ಅಂತ ನೋಡಿ. ಯಾವಾಗ್ಲೂ ವಾಲ್ಯೂಮ್ ಸೊನ್ನೆಗಿಟ್ಟು ಕೇಬಲ್ ಚುಚ್ಚಿ, ಆಮೇಲೆ ನಿಧಾನಕ್ಕೆ ಏರಿಸಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು, ಅರ್ಥಿಂಗ್. ಗಿಟಾರಿನ ತಂತಿಗಳು ಬ್ರಿಡ್ಜ್ ಮೂಲಕ ಕೇಬಲಿನ ಗ್ರೌಂಡ್‌ಗೆ, ಅಲ್ಲಿಂದ ನಿಮ್ಮ ಸ್ಟೀರಿಯೋಗೆ ಸೇರಿರುತ್ತವೆ. ಅಂದ್ರೆ ತಂತಿ ಹಿಡಿದಾಗ ನೀವು ಆ ಪೆಟ್ಟಿಗೆಯನ್ನೇ ಮುಟ್ಟಿದ ಹಾಗೆ. ಒಳಗೆ ಏನಾದ್ರೂ ಕೆಟ್ಟಿದ್ದು, ಅರ್ಥಿಂಗೂ ಇಲ್ಲದಿದ್ರೆ 230 ವೋಲ್ಟ್ ಕೈಗೆ ಬರಬಹುದು. ಮಳೆಗಾಲದಲ್ಲಿ ನೆಲ ತಣ್ಣಗೆ ಒದ್ದೆಯಾಗಿ, ಬರಿಗಾಲಲ್ಲಿ ನಿಂತಿದ್ರಂತೂ ಅಪಾಯ ಇನ್ನೂ ಜಾಸ್ತಿ. ಒಂದು ಗುರುತು ನೆನಪಿಡಿ. ತಂತಿ ಮುಟ್ಟಿದಾಗ ಗುಂಯ್ ಅನ್ನೋ ಶಬ್ದ ಕಮ್ಮಿ ಆದ್ರೆ ಅದು ಸಾಮಾನ್ಯ. ಕೈ ಜುಮ್ ಅಂದ್ರೆ ಸಾಮಾನ್ಯ ಅಲ್ಲ. ತಕ್ಷಣ ಗಿಟಾರ್ ಬಿಡಿ, ಗೋಡೆಯ ಸ್ವಿಚ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ನೋಡೋವರೆಗೂ ಮುಟ್ಟಬೇಡಿ. ಗುಂಯ್ ಶಬ್ದ ಹೋಗ್ಲಿ ಅಂತ ಪ್ಲಗ್ಗಿನ ಮೂರನೇ ಪಿನ್ ಕತ್ತರಿಸೋದು ಯಾವತ್ತೂ ಬೇಡ. ಮನೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದ್ರೆ ಎಲ್ಲರಿಗೂ ಒಳ್ಳೇದು. ಸಿಡಿಲು ಗುಡುಗು ಶುರುವಾದ್ರೆ ಪ್ಲಗ್ ಕಿತ್ತು, ಗಿಟಾರನ್ನ ಹಾಗೇ ನುಡಿಸಿ.

ಆಂಪ್ ಇಲ್ಲ ಅಂತ ಬೇಜಾರು ಮಾಡ್ಕೋಬೇಡಿ. 1968ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ 'ಸ್ಟ್ರೀಟ್ ಫೈಟಿಂಗ್ ಮ್ಯಾನ್' ಹಾಡಿಗೆ ಅಕೂಸ್ಟಿಕ್ ಗಿಟಾರನ್ನ ಫಿಲಿಪ್ಸ್ ಕ್ಯಾಸೆಟ್ ರೆಕಾರ್ಡರಿನಲ್ಲಿ ರೆಕಾರ್ಡ್ ಮಾಡಿದ್ರು. ಮನೆಯಲ್ಲಿ ಇಟ್ಕೊಳ್ಳೋ ಅಂಥ ಯಂತ್ರ. ಆ ಒರಟು ನಾದ ಇವತ್ತಿಗೂ ಜನರಿಗೆ ಇಷ್ಟ. ನಿಮ್ಮನೇಲೂ ಅರ್ಥಿಂಗ್ ಸರಿ ಇದೆಯಾ ನೋಡಿ, ಮಧ್ಯೆ ಪೆಟ್ಟಿಗೆ ಇಡಿ, ವಾಲ್ಯೂಮ್ ಅರ್ಧ ದಾಟಿಸಬೇಡಿ. ಧಾರಾವಾಹಿ ಟೈಮ್ ಬಿಟ್ಟು ಉಳಿದ ಟೈಮಲ್ಲಿ ನುಡಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.